ಮುಳುಗಿದ ಓಣಿಗೊಂದು ಕೌದಿ

ಆಲಮಟ್ಟಿ ಹಿನ್ನೀರಿಗೆ ಹಳೆ ಬಾಗಲಕೋಟೆಯ ಎಷ್ಟೋ ಓಣಿಗಳು ಹೋದವು. ನೆರೆಹೊರೆಯ ಮಂದಿ ಪುನರ್ವಸತಿಗೆಂದು ಕಟ್ಟಿದ ನವನಗರದ ಬೇರೆಬೇರೆ ಸೆಕ್ಟರ್‌ಗಳಿಗೆ ಚದುರಿದರು. ಅಂಥ ಒಂದು ಓಣಿಯ ನಕ್ಷೆಯನ್ನು ಅದೇ ಮಂದಿಯ ಹಳೆ ಅರಿವಿಯಲ್ಲಿ (ಬಟ್ಟೆಯಲ್ಲಿ), ಅವರೆಲ್ಲ ಕೂಡಿಯೇ ಕೌದಿಯಾಗಿ, ಅಂದರೆ ಹಳೆ ಬಟ್ಟೆಯ ಪದರಗಳ ಹೊದಿಕೆಯಾಗಿ, ಹೊಲಿಯುವ ಬಗೆ ಇದು. ಹೊಲಿಗೆಗಿಂತ ಅದರ ಹಿಂದಿನ ಕೆಲಸಕ್ಕೇ ಹೆಚ್ಚು ದಿನ ಬೇಕು.

ಮೊದಲು ನಕ್ಷೆ. ಗುಡಿಯ ಅಂಗಳದಲ್ಲೋ ಸಮುದಾಯ ಭವನದಲ್ಲೋ ಸೀಮೆಸುಣ್ಣದಿಂದ 6 ಇಂಚಿನ ಚೌಕ ಗೀಚಿ: ಉದ್ದಕ್ಕೆ 11, ಅಗಲಕ್ಕೆ 7. ಒಂದು ಚೌಕ, ಒಂದು ಮನೆ. ಗುಡಿ, ಮಸೀದಿ, ಬಾವಿಗಳನ್ನು ಮೊದಲು ಗುರುತಿಸಿ. ‘ನಿಮ್ಮ ಮನಿ ಎಲ್ಲಿತ್ತು?’ ಎಂದರೆ ಎಲ್ಲರೂ ಒಮ್ಮೆಗೇ ಮಾತಾಡುತ್ತಾರೆ, ಕೆಲಸ ಸಾಗದು. ‘ನಿಮ್ಮ ಗ್ವಾಡಿಗೆ (ಗೋಡೆಗೆ) ಹತ್ತಿ ಯಾರ ಮನಿ ಇತ್ರಿ, ಅಕ್ಕಾರ?’ ಎಂದು ಕೇಳಿ. ಇಬ್ಬರು ಹಿರಿಯರ ನೆನಪು ತಾಳೆಯಾಗದಿದ್ದರೆ ಚೌಕವನ್ನು ಮೂಲೆಯಿಂದ ಮೂಲೆಗೆ ಸೀಳಿ ಎರಡೂ ಮನೆಗೆ ಕೊಡಿ. ತೀರ್ಪು ಹೇಳಲು ನೀವು ಹೋಗಬೇಡಿ. ಮನೆಯವರ ಸುಳಿವೇ ಇಲ್ಲದ ಚೌಕಕ್ಕೆ ಬಿಳಿ ಧೋತರ. ಬಣ್ಣ ಹೊಂದಲಿಲ್ಲವೆಂದು ಒಂದು ಮನೆಯನ್ನು ಆಚೆ ಸರಿಸಿದಿರೋ, ನಕ್ಷೆ ಕೆಟ್ಟಂತೆ.

ಪ್ರತಿ ತುಂಡನ್ನೂ 7 ಇಂಚಿಗೆ ಕತ್ತರಿಸಿ. ನಾಲ್ಕೂ ಕಡೆ ಅರ್ಧ ಇಂಚು ಒಳಮಡಿಕೆಗೆ ಹೋಗುತ್ತದೆ. ಎರಡೂ ಕೈಯಲ್ಲಿ ಎಳೆದಾಗ ಎಳೆ ಬಿಡುವ ಅರಿವಿ ಮೇಲ್ಪದರಕ್ಕೆ ಬೇಡ, ಒಳಗೆ ಹಾಕಿ. ಇಳಕಲ್ ಸೀರೆಯ ಕೆಂಪು ಸೆರಗನ್ನು ಒದ್ದೆ ಬಿಳಿ ಬಟ್ಟೆಯಿಂದ ತಿಕ್ಕಿ ನೋಡಿ. ಬಣ್ಣ ಹತ್ತಿದರೆ ಮೊದಲೇ ಬೇರೆಯಾಗಿ ತೊಳೆಯಿರಿ, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಪಕ್ಕದ ಮನೆ ಕೆಂಪಾಗುತ್ತದೆ. ಸೆರಗು, ಒಡಲು ಕೂಡುವ ಕೊಂಡಿ ತುಂಡಿನ ನಡುವೆ ಬರಲಿ, ಅಂಚಿಗೆ ಬಂದರೆ ಬಿಚ್ಚಿಕೊಳ್ಳುತ್ತದೆ. ಗುಳೇದಗುಡ್ಡದ ಖಣ (ರವಿಕೆ ಬಟ್ಟೆ) ಎಷ್ಟು ಚಿಕ್ಕ ಚೂರಿದ್ದರೂ ಬಿಡಬೇಡಿ. ನೈಲಾನ್ ಮಾತ್ರ ಬೇಡ, ಜಾರುತ್ತದೆ. ತೀರಿಹೋದವರ ಸೀರೆಗೆ ಕತ್ತರಿ ಹಾಕುವಾಗ ಮನೆಯವರು ಎದುರಿಗಿರಲಿ, ಎಲ್ಲಿ ಕತ್ತರಿಸಬೇಕೆಂದು ಅವರೇ ತೋರಿಸಲಿ. ಉಳಿದ ಸೀರೆಯನ್ನು ಅಂದೇ ಮರಳಿಸಿ.

ತಳಕ್ಕೆ 18 ಅಡಿಯ ಹತ್ತಿ ಸೀರೆಯನ್ನು ಮೂರು ಮಡಿಕೆ ಮಾಡಿದರೆ 6 ಅಡಿಯ ಮೂರು ಪದರ ಸಿಗುತ್ತದೆ. ನಾಲ್ಕು ಮೂಲೆಗೂ ಕಲ್ಲಿಟ್ಟು ಬಿಗಿ ಮಾಡಿ, ಮೇಲೆ ತುಂಡುಗಳನ್ನು ನಕ್ಷೆಯಂತೆ ಜೋಡಿಸಿ, ನಡುವಿನಿಂದ ಅಂಚಿನತ್ತ ಗೇಣಿಗೊಂದು ಕಚ್ಚಾ ಹೊಲಿಗೆ ಹಾಕಿ. ಇದನ್ನು ಬಿಟ್ಟರೆ ಅಂಚಿನಿಂದ ಸುತ್ತಿ ಬರುವ ಹೊಲಿಗೆ ಸಡಿಲ ಅರಿವಿಯನ್ನೆಲ್ಲ ನಡುವಿಗೆ ತಳ್ಳಿ ಉಬ್ಬು ಎಬ್ಬಿಸುತ್ತದೆ. ಆಮೇಲೆ ಎರಡೆಳೆ ಹತ್ತಿ ದಾರ, ಅಕ್ಕಿಕಾಳಿನಷ್ಟು ಹೊಲಿಗೆ, ಸಾಲಿನಿಂದ ಸಾಲಿಗೆ ಅರ್ಧ ಇಂಚು. ದಾರ ಜಗ್ಗಿದರೆ ಸುಕ್ಕು. ನಾಲ್ಕೂ ಬದಿಗೆ ಇಬ್ಬಿಬ್ಬರು ಕೂತರೆ ಎಂಟು ಕೈಗಳ ಹೊಲಿಗೆ ಎಂಟು ತೆರ ಕಾಣುತ್ತದೆ, ಸರಿಮಾಡಲು ಬಿಚ್ಚಬೇಡಿ. ಉಳಿದ ಅಂಚಿಗೆ ನೀಲಿ ಪಟ್ಟಿ, ಅದು ಘಟಪ್ರಭೆ.

ತೂಗುಹಾಕಲು ಹಿಂಬದಿಗೆ 4 ಇಂಚಿನ ಬಟ್ಟೆಯ ಕೊಳವೆ ಹೊಲಿದು ಬಿದಿರು ತೂರಿಸಿ. ಕ್ಲಿಪ್ ಹಾಕಿದರೆ ಭಾರಕ್ಕೆ ಹಳೆ ಅರಿವಿ ಹರಿಯುತ್ತದೆ. ಕೌದಿ ಯಾರ ಮನೆಯಲ್ಲಿ ಎಷ್ಟು ದಿನ ಇರಬೇಕೆಂಬುದನ್ನು ಮೊದಲ ತುಂಡು ಕತ್ತರಿಸುವ ಮುನ್ನವೇ ಎಲ್ಲರೆದುರು ಬರೆದಿಡಿ.