ಕಾಲು ನೋವು ಮತ್ತು 55 ಪಾಯಿಂಟ್: ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ ಎನ್‌ಬಿಎ ಬೆಟ್ಟಿಂಗ್ ಪರಿಚಯ

2025ರ ಅಕ್ಟೋಬರ್ 23, ಗುರುವಾರ ರಾತ್ರಿ. ನ್ಯೂಜೆರ್ಸಿಯ ನಮ್ಮ ಮನೆಯ ಸೋಫಾದ ಮೇಲೆ ಅಕ್ಕನ ಮಗ ಕೂತಿದ್ದ. ಹಾಸನದಿಂದ ಎಂ.ಎಸ್. ಓದಲು ಬಂದು ಇನ್ನೂ ವರ್ಷ ತುಂಬಿಲ್ಲ. ಟಿವಿಯಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಓಕ್ಲಹೋಮ ಸಿಟಿ ಥಂಡರ್ ಮತ್ತು ಇಂಡಿಯಾನ ಪೇಸರ್ಸ್ ಆಟ. ಥಂಡರ್‌ನ ಶೇ ಗಿಲ್ಜಸ್-ಅಲೆಕ್ಸಾಂಡರ್ ಒಂದಾದ ಮೇಲೊಂದು ಪಾಯಿಂಟ್ ಹೊಡೆಯುತ್ತಲೇ ಇದ್ದ. ಚೆಂಡು ಬಲೆಯೊಳಗೆ ಇಳಿದಾಗಲೆಲ್ಲ ನಮ್ಮ ಹುಡುಗ ಹಣೆ ಚಚ್ಚಿಕೊಳ್ಳುತ್ತಿದ್ದ. "ಸಾಕು ಕಣೋ, ಇನ್ನಾದ್ರೂ ಪಾಸ್ ಮಾಡೋ!"

ಪೇಸರ್ಸ್ ಕಡೆಯವನಾ ಅಂತ ಕೇಳಿದೆ. "ಇಲ್ಲ ಮಾಮ, ಅವನ ಅಂಡರ್ ಮೇಲೆ 20 ಡಾಲರ್ ಹಾಕಿದೀನಿ" ಅಂದ. ಅಂದರೆ ಶೇ ಕಡಿಮೆ ಪಾಯಿಂಟ್ ಹೊಡೆಯುತ್ತಾನೆ ಎಂಬ ಬಾಜಿ.

ಆಟ ಎರಡು ಓವರ್‌ಟೈಮ್‌ವರೆಗೆ ಎಳೆಯಿತು. ಥಂಡರ್ 141-135ರಲ್ಲಿ ಗೆದ್ದಿತು. ಶೇ 55 ಪಾಯಿಂಟ್ ಹೊಡೆದ. ಅಷ್ಟು ಅವನು ಹಿಂದೆಂದೂ ಹೊಡೆದಿರಲಿಲ್ಲ. ಅಂಥ ಆಟ ಕಣ್ಣೆದುರಿಗೆ ನಡೆದರೂ ಇವನ ಮುಖ ಸಾವಿನ ಮನೆಯಲ್ಲಿ ಕೂತವರ ಹಾಗಿತ್ತು. 20 ಡಾಲರ್ ಹೋದದ್ದು ದೊಡ್ಡದಲ್ಲ ಬಿಡಿ. ಒಬ್ಬ ಚೆನ್ನಾಗಿ ಆಡದಿರಲಿ ಎಂದು ಬೇಡಿಕೊಳ್ಳುತ್ತಾ ಎರಡೂವರೆ ಗಂಟೆ ಕೂರುವುದಿದೆಯಲ್ಲ, ನನಗೆ ಕಸಿವಿಸಿಯಾದದ್ದು ಅದಕ್ಕೆ.

ಅದೇ ದಿನ ಬೆಳಿಗ್ಗೆ ಎಫ್‌ಬಿಐ ಮೂವತ್ತಕ್ಕೂ ಹೆಚ್ಚು ಜನರನ್ನು ಹಿಡಿದಿತ್ತು. ಅವರಲ್ಲಿ ಪೋರ್ಟ್‌ಲ್ಯಾಂಡ್ ತಂಡದ ಕೋಚ್ ಚಾನ್ಸಿ ಬಿಲಪ್ಸ್, ಮಯಾಮಿ ಹೀಟ್‌ನ ಆಟಗಾರ ಟೆರಿ ರೋಜಿಯರ್, ಹಳೆಯ ಆಟಗಾರ ಡೇಮನ್ ಜೋನ್ಸ್ ಇದ್ದರು. ಸೀಸನ್ ಶುರುವಾಗಿ ಎರಡೇ ದಿನವಾಗಿತ್ತು. ಮರುದಿನ ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಇದೇ ಮಾತು. ಹೊಸದಾಗಿ ಬಂದ ನಮ್ಮವರಿಗೆ ತಲೆಬುಡ ಗೊತ್ತಾಗಲಿಲ್ಲ. ಇಲ್ಲಿ ಬೆಟ್ಟಿಂಗ್ ಕಾನೂನಿನ ಪ್ರಕಾರ ಸರಿ ತಾನೇ, ಮತ್ತೆ ಅರೆಸ್ಟ್ ಯಾಕೆ? ಈ ಪ್ರಶ್ನೆಯನ್ನು ನನಗೆ ಮೂರು ಜನ ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಅಂಡರ್, ಓವರ್

ಬೆಂಗಳೂರಿನ ರೇಸ್ ಕೋರ್ಸ್ ಗೊತ್ತಿರುವವರಿಗೆ ಅರ್ಧ ಪಾಠ ಆಗಲೇ ಬಂದಿರುತ್ತದೆ. ಯಾರು ಗೆಲ್ಲುತ್ತಾರೆ ಎಂದು ಬಾಜಿ ಕಟ್ಟುವುದು ಮನಿಲೈನ್. ಎಷ್ಟು ಪಾಯಿಂಟ್ ಅಂತರದಲ್ಲಿ ಗೆಲ್ಲುತ್ತಾರೆ ಎಂಬುದು ಸ್ಪ್ರೆಡ್. ಆ್ಯಪ್‌ನಲ್ಲಿ ಮೈನಸ್ 110 ಎಂದು ಕಂಡರೆ, 100 ಡಾಲರ್ ಗೆಲ್ಲಲು ನೀವು 110 ಕಟ್ಟಬೇಕು. ಪ್ಲಸ್ 150 ಎಂದರೆ 100 ಕಟ್ಟಿದರೆ 150 ಲಾಭ. ಆ ಮೈನಸ್ 110ರಲ್ಲೇ ಕಂಪನಿಯ ಹೊಟ್ಟೆ ತುಂಬುವುದು. ನೂರಕ್ಕೆ 52ಕ್ಕಿಂತ ಜಾಸ್ತಿ ಸಲ ನಿಮ್ಮ ಊಹೆ ಸರಿ ಬಂದರೆ ಮಾತ್ರ ಅಸಲು ಉಳಿಯುತ್ತದೆ. ಪಾರ್ಲೆ ಎಂಬುದೊಂದಿದೆ. ನಾಲ್ಕೈದು ಬಾಜಿಗಳನ್ನು ಸರದಂತೆ ಪೋಣಿಸುವುದು. ರೇಸಿನ ಜಾಕ್‌ಪಾಟ್ ಇದ್ದ ಹಾಗೆ, ಒಂದು ತಪ್ಪಿದರೂ ಎಲ್ಲವೂ ಹೋಯಿತು. ಜಾಹೀರಾತಿನಲ್ಲಿ ಸದಾ ಪಾರ್ಲೆಯನ್ನೇ ತೋರಿಸುವುದು ಯಾಕೆ ಎಂದು ನೀವೇ ಯೋಚಿಸಿ.

ಈ ಗಲಾಟೆಗೆಲ್ಲ ಮೂಲ ಪ್ರಾಪ್ ಬೆಟ್. ಇಲ್ಲಿ ತಂಡದ ಸೋಲು ಗೆಲುವಿನ ಮಾತೇ ಇಲ್ಲ. ಒಬ್ಬ ಆಟಗಾರ ಇಂತಿಷ್ಟು ಪಾಯಿಂಟ್, ಇಂತಿಷ್ಟು ರೀಬೌಂಡ್ (ಬಲೆ ತಪ್ಪಿದ ಚೆಂಡು ಹಿಡಿಯುವುದು), ಇಂತಿಷ್ಟು ಅಸಿಸ್ಟ್ (ಜೊತೆಗಾರ ಪಾಯಿಂಟ್ ಹೊಡೆಯಲು ಪಾಸ್ ಕೊಡುವುದು) ಮಾಡುತ್ತಾನೋ ಇಲ್ಲವೋ ಎಂಬುದರ ಮೇಲೆ ದುಡ್ಡು. ಕಂಪನಿ ಒಂದು ಗೆರೆ ಹಾಕುತ್ತದೆ. ಅದನ್ನು ದಾಟುತ್ತಾನೆ ಅಂದರೆ ಓವರ್, ದಾಟಲ್ಲ ಅಂದರೆ ಅಂಡರ್.

ನಮ್ಮ ಹನ್ನೊಂದು ಜನರ ಕ್ರಿಕೆಟ್ಟಿನಲ್ಲಿ ಒಂದು ಮ್ಯಾಚ್ ಫಿಕ್ಸ್ ಮಾಡಲು ಎಷ್ಟು ಜನರ ಕೈ ಬಿಸಿ ಮಾಡಬೇಕು! ಅಂಡರ್‌ಗೆ ಅದೆಲ್ಲ ಬೇಡ. ಒಬ್ಬನೇ ಸಾಕು. ಅವನು ಕೆಟ್ಟದಾಗಿ ಆಡಬೇಕೆಂದೂ ಇಲ್ಲ. "ಕಾಲು ನೋಯ್ತಿದೆ ಕೋಚ್" ಎಂದು ಬೆಂಚಿನ ಮೇಲೆ ಕೂತರೆ ಕೆಲಸ ಮುಗಿಯಿತು.

ರೋಜಿಯರ್ ಮೇಲಿನ ಆರೋಪ ಸರಿಯಾಗಿ ಇದೇ. 2023ರ ಮಾರ್ಚ್ 23ರಂದು ಅವನು ಆಗಿನ ತನ್ನ ತಂಡ ಷಾರ್ಲಟ್ ಹಾರ್ನೆಟ್ಸ್ ಪರವಾಗಿ ನ್ಯೂ ಆರ್ಲಿಯನ್ಸ್ ಎದುರು ಆಡಿದ. 9 ನಿಮಿಷ 36 ಸೆಕೆಂಡ್ ಆಡಿ ಪಾದ ನೋವೆಂದು ಹೊರಗೆ ಬಂದ. ಮತ್ತೆ ಇಳಿಯಲಿಲ್ಲ. ಹೀಗೆ ಬೇಗ ಹೊರಬರುತ್ತೇನೆ ಎಂದು ಗೆಳೆಯನೊಬ್ಬನಿಗೆ ಮೊದಲೇ ತಿಳಿಸಿದ್ದ, ಅವನ ಅಂಡರ್‌ಗಳ ಮೇಲೆ 2 ಲಕ್ಷ ಡಾಲರಿಗೂ ಹೆಚ್ಚು ಬಾಜಿ ಬಿತ್ತು ಎನ್ನುತ್ತದೆ ಸರ್ಕಾರದ ಆರೋಪಪಟ್ಟಿ. ಅನುಮಾನ ಅಂದೇ ಬಂದಿತ್ತು. ಎನ್‌ಬಿಎ ತಾನೇ ವಿಚಾರಿಸಿ, ನಿಯಮ ಮುರಿದದ್ದು ಕಾಣಲಿಲ್ಲ ಎಂದು ಕೈಬಿಟ್ಟಿತ್ತು. 2025ರ ಕೊನೆಯಲ್ಲಿ ರೋಜಿಯರ್ ಕೋರ್ಟಿನಲ್ಲಿ ತಾನು ತಪ್ಪು ಮಾಡಿಲ್ಲ ಎಂದ. ಬಿಲಪ್ಸ್ ಕೂಡ ಅಷ್ಟೇ. ಕೋರ್ಟು ತೀರ್ಪು ಕೊಡುವವರೆಗೆ ಇವೆಲ್ಲ ಆರೋಪಗಳು ಮಾತ್ರ, ಅದನ್ನು ಮರೆಯಬೇಡಿ.

ಬಿಲಪ್ಸ್ ಕೇಸು ಬೇರೆಯದು, ಅದನ್ನು ಇದರ ಜೊತೆ ಕಲಸಬೇಡಿ. ಅದು ಪೋಕರ್ ಇಸ್ಪೀಟಿನದು. ಎಲೆ ಕಲೆಸುವ ಯಂತ್ರದೊಳಗೇ ಎಲೆ ಓದುವ ಉಪಕರಣ, ಕವುಚಿದ ಎಲೆ ಕಾಣಿಸುವ ಎಕ್ಸ್‌ರೇ ಮೇಜು, ಗುರುತು ಕಾಣುವ ಕಾಂಟ್ಯಾಕ್ಟ್ ಲೆನ್ಸ್. ನ್ಯೂಯಾರ್ಕಿನ ಮಾಫಿಯಾ ಕುಟುಂಬಗಳೂ ಇದರಲ್ಲಿದ್ದವಂತೆ. ದುಡ್ಡಿರುವವರನ್ನು ಸೆಳೆಯಲು ಹೆಸರಾಂತ ಆಟಗಾರರನ್ನು ಮುಂದೆ ಕೂರಿಸುತ್ತಿದ್ದರು ಎಂಬುದು ಆರೋಪ. 2004ರಲ್ಲಿ ಡೆಟ್ರಾಯಿಟ್‌ಗೆ ಕಪ್ ತಂದು ಫೈನಲ್ಸ್‌ನ ಅತ್ಯುತ್ತಮ ಆಟಗಾರನಾದ ಬಿಲಪ್ಸ್ ಹೆಸರು ಅಲ್ಲಿ ಕೇಳಿ ಹಳಬರಿಗೆ ನಿಜಕ್ಕೂ ಬೇಜಾರಾಯಿತು.

ತಪ್ಪೊಪ್ಪಿಕೊಂಡವನೂ ಒಬ್ಬನಿದ್ದಾನೆ. ಟೊರಾಂಟೊ ರ‍್ಯಾಪ್ಟರ್ಸ್‌ನ ಜಾಂಟೇ ಪೋರ್ಟರ್. 2024ರಲ್ಲಿ ಎರಡು ಆಟಗಳಲ್ಲಿ ಒಮ್ಮೆ ಗಾಯವೆಂದು, ಇನ್ನೊಮ್ಮೆ ಆರೋಗ್ಯ ಸರಿಯಿಲ್ಲವೆಂದು ನಾಲ್ಕು, ಮೂರು ನಿಮಿಷಕ್ಕೇ ಎದ್ದು ಬಂದ. ಎರಡನೇ ಆಟದಲ್ಲಿ ಯಾರೋ 80 ಸಾವಿರ ಡಾಲರಿನ ಪಾರ್ಲೆ ಹಾಕಿ 11 ಲಕ್ಷ ಡಾಲರ್ ಗೆಲ್ಲಲು ಹೊರಟಿದ್ದರು. ಕಂಪನಿ ಆ ದುಡ್ಡನ್ನು ತಡೆಹಿಡಿಯಿತು. ಎನ್‌ಬಿಎ ಅವನನ್ನು ಜೀವನಪೂರ್ತಿ ಹೊರಗಿಟ್ಟಿತು. ಜೂಜಿನ ಸಾಲ ತೀರಿಸಲು ಹೀಗೆ ಮಾಡಿದೆ ಎಂದು ಅವನೇ ಕೋರ್ಟಿನಲ್ಲಿ ಹೇಳಿದ.

ಕಾನೂನು ಒಂದಲ್ಲ, ಐವತ್ತು

2018ರ ಮೇ ತಿಂಗಳವರೆಗೆ ಆಟದ ಬೆಟ್ಟಿಂಗ್ ಹೆಚ್ಚುಕಡಿಮೆ ನೆವಾಡಕ್ಕೆ ಸೀಮಿತವಾಗಿತ್ತು. ನಮ್ಮ ನ್ಯೂಜೆರ್ಸಿ ಸುಪ್ರೀಂ ಕೋರ್ಟಿಗೆ ಹೋಗಿ ಗೆದ್ದ ಮೇಲೆ ಪ್ರತಿ ರಾಜ್ಯಕ್ಕೂ ತನ್ನ ದಾರಿ ತಾನು ಹಿಡಿಯುವ ಹಕ್ಕು ಬಂತು. ಈಗ ಮೂವತ್ತೆಂಟಕ್ಕೂ ಹೆಚ್ಚು ರಾಜ್ಯಗಳಲ್ಲಿ ಒಂದಲ್ಲ ಒಂದು ರೂಪದಲ್ಲಿ ಇದೆ. ಎನ್‌ಬಿಎ ಕಮಿಷನರ್ ಆ್ಯಡಂ ಸಿಲ್ವರ್ 2014ರಲ್ಲೇ, ಕದ್ದುಮುಚ್ಚಿ ಆಡುವ ಬದಲು ಕಾನೂನಿನಡಿ ತನ್ನಿ ಎಂದು ಪತ್ರಿಕೆಗೆ ಬರೆದಿದ್ದರು. ಕಾನೂನಿನಡಿ ಇದ್ದದ್ದರಿಂದಲೇ ಅಸಹಜ ಬಾಜಿ ಕಂಪ್ಯೂಟರಿನಲ್ಲಿ ಸಿಕ್ಕಿಬಿತ್ತು ಎನ್ನುವುದು ಅವರ ಕಡೆಯವರ ವಾದ. ಅದರಲ್ಲಿ ಹುರುಳಿದೆ. ಆದರೆ ಬೆಟ್ಟಿಂಗ್ ಕಂಪನಿಗಳನ್ನೇ ಪಾಲುದಾರರನ್ನಾಗಿ ಮಾಡಿಕೊಂಡು, ಆಟದ ನಡುವೆ ಅವರದ್ದೇ ಜಾಹೀರಾತು ತುಂಬಿ, ಆಮೇಲೆ ಬೆಚ್ಚಿಬಿದ್ದವರ ಹಾಗೆ ಮಾತಾಡಿದರೆ ನನಗಂತೂ ನಗು ಬರುತ್ತದೆ.

ನಮ್ಮವರು ಜಾಸ್ತಿ ಇರುವ ಕಡೆ ಹೀಗಿದೆ ನೋಡಿ. ನ್ಯೂಜೆರ್ಸಿ, ನ್ಯೂಯಾರ್ಕ್, ಇಲಿನಾಯ್, ಮಿಷಿಗನ್‌ನಲ್ಲಿ ಫೋನಿನಲ್ಲೇ ಆಡಬಹುದು. 21 ತುಂಬಿರಬೇಕು. ಕ್ಯಾಲಿಫೋರ್ನಿಯ, ಟೆಕ್ಸಸ್‌ನಲ್ಲಿ ಆಟದ ಬೆಟ್ಟಿಂಗ್ ಇನ್ನೂ ಕಾನೂನುಬದ್ಧವಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದ ಗೆಳೆಯರು "ಇದು ಬೆಟ್ಟಿಂಗ್ ಅಲ್ಲ, ಪ್ರಿಡಿಕ್ಷನ್ ಮಾರ್ಕೆಟ್" ಎಂದು, ಮುಂದೆ ಏನಾಗುತ್ತದೆ ಎಂಬುದರ ಮೇಲೆ ಷೇರಿನಂತೆ ಕೊಂಡು ಮಾರುವ ಬೇರೆ ಆ್ಯಪ್ ತೋರಿಸುತ್ತಾರೆ. ಅದು ಸರಿಯೋ ತಪ್ಪೋ ಎಂದು ರಾಜ್ಯಗಳೂ ಆ ಕಂಪನಿಗಳೂ ಕೋರ್ಟಿನಲ್ಲಿ ಜಗ್ಗಾಡುತ್ತಿವೆ. ಸಿಯಾಟಲ್ ಕಡೆಯವರು ಇನ್ನೂ ಜೋಪಾನ. ವಾಷಿಂಗ್ಟನ್ ರಾಜ್ಯದಲ್ಲಿ ಮೂಲನಿವಾಸಿಗಳ ಕಸಿನೋ ಜಾಗದಲ್ಲಿ ಮಾತ್ರ ಆಡಬಹುದು. ಮನೆಯಿಂದ ಆನ್‌ಲೈನ್ ಜೂಜು ಅಲ್ಲಿ ಗಂಭೀರ ಅಪರಾಧ.

ನೀವು ಎಲ್ಲಿ ವಾಸ ಮಾಡುತ್ತೀರಿ ಎಂಬುದಲ್ಲ, ಗುಂಡಿ ಒತ್ತುವಾಗ ಎಲ್ಲಿ ನಿಂತಿದ್ದೀರಿ ಎಂಬುದು ಲೆಕ್ಕ. ನ್ಯೂಯಾರ್ಕಿನಲ್ಲಿ ಫೋನ್ ಬೆಟ್ಟಿಂಗ್ ಬಂದದ್ದು 2022ರ ಜನವರಿಯಲ್ಲಿ. ಅದಕ್ಕೂ ಮೊದಲು ಅಲ್ಲಿನ ಜನ ಜಾರ್ಜ್ ವಾಷಿಂಗ್ಟನ್ ಸೇತುವೆಯ ಮೇಲೆ ಸೈಕಲ್ ತುಳಿದು ನಮ್ಮ ಕಡೆಗೆ ಬಂದು, ಬಾಜಿ ಕಟ್ಟಿ, ವಾಪಸ್ ತುಳಿಯುತ್ತಿದ್ದರು.

ಹಾಗಾದರೆ ಅರೆಸ್ಟ್ ಯಾಕೆ?

ಇಲ್ಲಿ ನಮ್ಮ ಕರ್ನಾಟಕದ್ದೇ ಒಂದು ಕೇಸು ನೆನಪಾಗುತ್ತದೆ. 2019ರಲ್ಲಿ ಕೆಪಿಎಲ್ (ಕರ್ನಾಟಕ ಪ್ರೀಮಿಯರ್ ಲೀಗ್ ಕ್ರಿಕೆಟ್) ಫಿಕ್ಸಿಂಗ್ ಹಗರಣದಲ್ಲಿ ಬೆಂಗಳೂರು ಪೊಲೀಸರು ಆಟಗಾರರನ್ನೂ ಒಬ್ಬ ತಂಡದ ಮಾಲೀಕನನ್ನೂ ಹಿಡಿದಿದ್ದರು. 2022ರ ಜನವರಿಯಲ್ಲಿ ನಮ್ಮ ಹೈಕೋರ್ಟ್, ಮ್ಯಾಚ್ ಫಿಕ್ಸಿಂಗ್ ಐಪಿಸಿ 420ರ ವಂಚನೆಯ ಅಡಿ ಬರುವುದಿಲ್ಲ ಎಂದು ಕೇಸು ರದ್ದು ಮಾಡಿತು. ನೋಡುವವರಿಗೆ ಮೋಸ ಹೋದೆವು ಅನ್ನಿಸಬಹುದು, ಆದರೆ ಟಿಕೆಟ್ ಕೊಂಡದ್ದು ಅವರೇ ಇಷ್ಟಪಟ್ಟು. ಕ್ರಮ ತೆಗೆದುಕೊಳ್ಳುವುದಿದ್ದರೆ ಕ್ರಿಕೆಟ್ ಮಂಡಳಿ ತೆಗೆದುಕೊಳ್ಳಲಿ ಎಂಬುದು ತೀರ್ಪಿನ ಸಾರ.

ಅಮೆರಿಕದಲ್ಲಿ ಸರ್ಕಾರ ಹಿಡಿದ ದಾರಿಯೇ ಬೇರೆ. ಮೋಸ ಹೋದದ್ದು ಪ್ರೇಕ್ಷಕ ಅಲ್ಲ, ಬೆಟ್ಟಿಂಗ್ ಕಂಪನಿ! ಒಳಗಿನ ಸುದ್ದಿ ಗೊತ್ತಿದ್ದವರು, ಬೇರೆಯವರ ಹೆಸರಿನಲ್ಲಿ ಬಾಜಿ ಕಟ್ಟಿದವರು ಕಂಪನಿಗೆ ಸುಳ್ಳು ಹೇಳಿ ದುಡ್ಡು ಪಡೆದರು. ಫೋನ್, ಇಂಟರ್‌ನೆಟ್ ಬಳಸಿ ಮಾಡಿದ್ದರಿಂದ ಇದು ವೈರ್ ಫ್ರಾಡ್. ಷೇರುಪೇಟೆಯ ಇನ್‌ಸೈಡರ್ ಟ್ರೇಡಿಂಗ್ ಅಂದುಕೊಂಡರೆ ಬೇಗ ತಲೆಗೆ ಹೋಗುತ್ತದೆ. ಡೇಮನ್ ಜೋನ್ಸ್ ಮೇಲೆ ಬಂದದ್ದೂ ಅಂಥದ್ದೇ ಆರೋಪ. ಇಂಥ ದೊಡ್ಡ ಆಟಗಾರ ಇವತ್ತು ಇಳಿಯಲ್ಲ ಎಂಬ ಸುದ್ದಿಯನ್ನು, ಹೊರಗೆ ಬರುವ ಮೊದಲೇ ಮಾರಿದ ಎಂದು. ಇದಾದ ಮೇಲೆ ಎನ್‌ಬಿಎ ಗಾಯಾಳುಗಳ ಪಟ್ಟಿಯನ್ನು ಗಂಟೆಗೊಮ್ಮೆಯ ಬದಲು 15 ನಿಮಿಷಕ್ಕೊಮ್ಮೆ ಹೊಸದು ಮಾಡಲು ಶುರುಮಾಡಿತು.

ಬೇರೆಯವರ ಹೆಸರಿನಲ್ಲಿ ಎಂದೆನಲ್ಲ, ಅದು ನಮ್ಮ ಹುಡುಗರಿಗೆ ತೀರಾ ಹತ್ತಿರದ ವಿಷಯ. ಹೊಸದಾಗಿ ಬಂದವನಿಗೆ ಎಸ್‌ಎಸ್‌ಎನ್ (ಸೋಷಿಯಲ್ ಸೆಕ್ಯುರಿಟಿ ನಂಬರ್) ಇರುವುದಿಲ್ಲ. ರೂಮ್‌ಮೇಟ್ ಅಕೌಂಟಿನಲ್ಲಿ ತನ್ನ ದುಡ್ಡು ಹಾಕಿಸುತ್ತಾನೆ. "ಸುಮ್ನೆ ಹತ್ತು ಡಾಲರ್ ಅಷ್ಟೇ ಮಾಮ." ಹತ್ತು ಡಾಲರಿಗೆ ಎಫ್‌ಬಿಐ ಬರಲ್ಲ, ನಿಜ. ಆದರೆ ಅದು ನಿಯಮಕ್ಕೆ ವಿರುದ್ಧ. ಗೆದ್ದ ದಿನ ಅಕೌಂಟ್ ಲಾಕ್ ಮಾಡಿ ಕೂತರೆ ಕೇಳುವ ಬಾಯಿ ಇಬ್ಬರಿಗೂ ಇರಲ್ಲ. ಜೊತೆಗೆ ಗೆದ್ದದ್ದರ ತೆರಿಗೆ ರೂಮ್‌ಮೇಟ್ ತಲೆಗೆ.

ತೆರಿಗೆ, ಪೌರತ್ವ

ಗೆದ್ದ ಪ್ರತಿ ಡಾಲರೂ ಆದಾಯ. ಕಂಪನಿಯಿಂದ ತೆರಿಗೆ ಚೀಟಿ ಬರಲಿ ಬಿಡಲಿ, ತೋರಿಸಲೇಬೇಕು. ಎಫ್-1 ವೀಸಾದಲ್ಲಿ ಬಂದ ವಿದ್ಯಾರ್ಥಿ ಸಾಮಾನ್ಯವಾಗಿ ಮೊದಲ ಐದು ವರ್ಷ ತೆರಿಗೆ ಲೆಕ್ಕದಲ್ಲಿ ನಾನ್‌ರೆಸಿಡೆಂಟ್. ಅವನಿಗೆ ಗೆಲುವಿನ ಮೇಲೆ ನೇರ 30 ಪರ್ಸೆಂಟ್. ಸೋತದ್ದನ್ನು ಕಳೆಯುವಂತಿಲ್ಲ. ಅಂದರೆ 1,000 ಗೆದ್ದು 1,000 ಸೋತು ಕೈ ಖಾಲಿಯಾದರೂ 300 ಡಾಲರ್ ಕಟ್ಟಬೇಕು. ಇದನ್ನು ಹೇಳಿದಾಗ ಅಕ್ಕನ ಮಗ ಮೊದಲ ಸಲ ಫೋನ್ ಕೆಳಗಿಟ್ಟ. ರೆಸಿಡೆಂಟ್ ಆದವರು ಕಳೆಯಬಹುದು, ಅದೂ ಇಟಮೈಸ್ ಮಾಡಿದರೆ, ಅಂದರೆ ಕಳೆಯುವ ಖರ್ಚುಗಳನ್ನು ಒಂದೊಂದಾಗಿ ತೋರಿಸಿದರೆ ಮಾತ್ರ, ಗೆದ್ದ ಮೊತ್ತದ ಮಿತಿಯೊಳಗೆ. 2026ರಿಂದ ಸೋತದ್ದರಲ್ಲಿ 90 ಪರ್ಸೆಂಟ್ ಮಾತ್ರ ಲೆಕ್ಕಕ್ಕೆ.

ಪೌರತ್ವದ ಕಾನೂನಿನಲ್ಲೂ ಜೂಜು ಇದೆ. ಒಳ್ಳೆಯ ನಡತೆ ತೋರಿಸಬೇಕಾದ ಅವಧಿಯಲ್ಲಿ, ಅಂದರೆ ಹೆಚ್ಚಿನವರಿಗೆ ಹಿಂದಿನ ಐದು ವರ್ಷ, ಜೂಜಿನ ಎರಡು ಅಪರಾಧಗಳಲ್ಲಿ ಶಿಕ್ಷೆಯಾಗಿದ್ದರೆ ಅಥವಾ ಅಕ್ರಮ ಜೂಜೇ ಮುಖ್ಯ ಆದಾಯವಾಗಿದ್ದರೆ ಅರ್ಜಿ ಬೀಳುತ್ತದೆ. ಕಾನೂನುಬದ್ಧ ಆ್ಯಪ್‌ನಲ್ಲಿ ಆಡಿದವರಿಗೆ ಇದು ತಟ್ಟುವುದಿಲ್ಲ. ಊರಿನ ಬುಕ್ಕಿಯ ಹಾಗೆ ವಾಟ್ಸಾಪ್‌ನಲ್ಲಿ ದುಡ್ಡು ಎತ್ತುವವರಿಗೆ ತಟ್ಟಬಹುದು. ಅಂಥವರು ನಮ್ಮವರಲ್ಲೂ ಇದ್ದಾರೆ, ಐಪಿಎಲ್ ಸಮಯದಲ್ಲಿ ನೋಡಿ.

ಕೈ ಮೀರುತ್ತಿದೆ ಅನ್ನಿಸಿದರೆ ಜೂಜಿನ ಚಟದ ಸಹಾಯವಾಣಿ 1-800-426-2537ಕ್ಕೆ ಫೋನ್ ಮಾಡಿ, ದುಡ್ಡು ಕೇಳಲ್ಲ. ರಾಜ್ಯದ ಸೆಲ್ಫ್ ಎಕ್ಸ್‌ಕ್ಲೂಷನ್ ಪಟ್ಟಿಗೆ ನೀವೇ ಹೆಸರು ಕೊಟ್ಟರೆ ಕಾನೂನುಬದ್ಧ ಆ್ಯಪ್‌ಗಳು ನಿಮ್ಮನ್ನು ಒಳಗೆ ಬಿಡುವುದಿಲ್ಲ.

ಇನ್ನು ಆಟ

ಬೇಜಾರಿನ ಸಂಗತಿ ಏನು ಗೊತ್ತಾ? ಆ ವಾರ ಆಟ ಎಷ್ಟು ಚೆನ್ನಾಗಿತ್ತು! ಅಕ್ಟೋಬರ್ 22ಕ್ಕೆ ಸ್ಯಾನ್ ಆಂಟೋನಿಯೊದ ವಿಕ್ಟರ್ ವೆಂಬನ್ಯಾಮಾ ಡಲ್ಲಾಸ್ ಎದುರು 40 ಪಾಯಿಂಟ್, 15 ರೀಬೌಂಡ್. ಏಳೂ ಕಾಲು ಅಡಿ ಮೀರಿದ ಹುಡುಗ ಗಾರ್ಡ್‌ನ (ಚೆಂಡು ನಡೆಸುವ ಕುಳ್ಳ ಆಟಗಾರನ) ಹಾಗೆ ಚೆಂಡು ಪುಟಿಸಿಕೊಂಡು ನುಗ್ಗುವುದನ್ನು ನೋಡಬೇಕು. ಅದೇ ರಾತ್ರಿ ಫಿಲಡೆಲ್ಫಿಯದ ಹೊಸಬ ವಿ.ಜೆ. ಎಡ್ಜ್‌ಕಂಬ್ ಬಾಸ್ಟನ್‌ನಲ್ಲಿ ಮೊದಲ ಆಟದಲ್ಲೇ 34 ಹೊಡೆದ. 1959ರಲ್ಲಿ ವಿಲ್ಟ್ ಚೇಂಬರ್ಲಿನ್ 43 ಹೊಡೆದ ಮೇಲೆ ಚೊಚ್ಚಲ ಆಟದಲ್ಲಿ ಯಾರೂ ಅಷ್ಟು ಹೊಡೆದಿರಲಿಲ್ಲ. ಶೇ 55 ಹೊಡೆದ ರಾತ್ರಿಯೇ ಡೆನ್ವರ್‌ನ ಆ್ಯರನ್ ಗಾರ್ಡನ್ ದೂರದಿಂದ ಎಸೆದು ಮೂರು ಪಾಯಿಂಟ್ ತರುವ ತ್ರೀ ಪಾಯಿಂಟರ್ ಹತ್ತು ಹಾಕಿ 50 ಮಾಡಿದ, ಆದರೂ ತಂಡ ಸೋತಿತು. ಲೇಕರ್ಸ್‌ನ ಲೂಕಾ ಡಾನ್ಚಿಚ್ ಮೊದಲೆರಡು ಆಟಗಳಲ್ಲಿ 43, 49. ಅವನಿಲ್ಲದ ದಿನ ಆಸ್ಟಿನ್ ರೀವ್ಸ್ 51. ಥಂಡರ್ ಅಂತೂ ಮೊದಲ 25 ಆಟದಲ್ಲಿ 24 ಗೆದ್ದಿತು.

ಪಾದ ನೋವಿನ ನಾಟಕ ಯಾರು ಬೇಕಾದರೂ ಆಡಬಹುದು. ಇಬ್ಬಿಬ್ಬರು ಮೈಮೇಲೆ ಬಿದ್ದು ತಡೆಯುವಾಗ 55 ಪಾಯಿಂಟ್ ಹೊಡೆಯುವ ನಾಟಕವನ್ನು ಯಾರಿಂದಲೂ ಆಡಲಾಗುವುದಿಲ್ಲ. ನಾನು ಹುಡುಗರಿಗೆ ಹೇಳುವುದು ಇಷ್ಟೇ: ಆಡಲೇಬೇಕೆಂದಿದ್ದರೆ ಸಿನಿಮಾ ಟಿಕೆಟ್‌ನಷ್ಟು ದುಡ್ಡು ಹಾಕಿ, ಆದರೆ ಅಂಡರ್ ಮೇಲೆ ಹಾಕಬೇಡಿ.

ನೋಡಲು 2025-26ರ ಸೀಸನ್‌ನಿಂದ ಆಟಗಳು ಇಎಸ್‌ಪಿಎನ್, ಎನ್‌ಬಿಸಿಯ ಪೀಕಾಕ್, ಅಮೆಜಾನ್ ಪ್ರೈಮ್ ನಡುವೆ ಹಂಚಿಹೋಗಿವೆ. 30 ತಂಡ, ತಲಾ 82 ಆಟ, ಎಲ್ಲವನ್ನೂ ನೋಡಲು ಆಗಲ್ಲ. ಪ್ರೈಮ್ ಹೇಗೂ ಮನೆಯಲ್ಲಿರುತ್ತದೆ, ಅಲ್ಲಿಂದ ಶುರುಮಾಡಿ. ವಾರದ ಮಧ್ಯೆ, ಸಾಧಾರಣ ತಂಡ ಬಂದ ದಿನ ಮೇಲಿನ ಸಾಲಿನ ಟಿಕೆಟ್ ಅಗ್ಗಕ್ಕೆ ಸಿಗುತ್ತದೆ. ನಾವಿಬ್ಬರೂ ಒಮ್ಮೆ ಬ್ರೂಕ್ಲಿನ್‌ಗೆ ಹೋದೆವು. ಮುಂದಿನ ಸಾಲಿನವರು ಆಟದುದ್ದಕ್ಕೂ ತಲೆ ತಗ್ಗಿಸಿ ಫೋನ್‌ನಲ್ಲಿ ಅಂಕಿ ನೋಡುತ್ತಿದ್ದರು. ಅಕ್ಕನ ಮಗ ನನ್ನ ಪಕ್ಕೆ ತಿವಿದು, "ಮಾಮ, ನಾನೂ ಹಿಂಗೇ ಕಾಣ್ತಿದ್ನಾ?" ಅಂದ.