ಉಂಡ ಇಪ್ಪತ್ತು ನಿಮಿಷಕ್ಕೆ ಗಂಟಲು ಕಟ್ಟುತ್ತಿತ್ತು

ನಾನು ಉಡುಪಿಯ ಕಡೆಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತೇನೆ. ಶನಿವಾರ, ಭಾನುವಾರ ಬಂದರೆ ತಾಳಮದ್ದಳೆಯ ಅರ್ಥಧಾರಿ, ಅಂದರೆ ವೇಷ, ಕುಣಿತವಿಲ್ಲದೆ ಕುಳಿತು ಮಾತಿನಲ್ಲೇ ಯಕ್ಷಗಾನದ ಪಾತ್ರ ನಡೆಸುವವನು. ಎರಡೂ ಗಂಟಲನ್ನು ನಂಬಿಕೊಂಡ ಕೆಲಸ. ಹಾಗಾಗಿ ಊಟ ಮುಗಿಸಿ ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ಗಂಟಲಲ್ಲಿ ಕಫ ಬಂದು ಕೂರತೊಡಗಿದಾಗ ನನಗೆ ಆದ ದಿಗಿಲನ್ನು ಬೇರೆಯವರು ಸುಲಭವಾಗಿ ಊಹಿಸಲಾರರು. ಹಸಿ ಆಹಾರಕ್ಕೆ ಬದಲಾದ ಮೇಲೆ ಇದೇ ತೊಂದರೆ ಅನುಭವಿಸುವವರು ಹಲವರಿದ್ದಾರೆ ಎಂದು ಈಗ ಗೊತ್ತಾಗಿದೆ. ಅವರಿಗೆ ಉಪಯೋಗವಾದೀತೆಂದು ನಾನು ಮಾಡಿದ್ದನ್ನು ಮಾಡಿದ ಹಾಗೆಯೇ ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದೆ ರಕ್ತ ಪರೀಕ್ಷೆಯಲ್ಲಿ ಎಚ್‌ಬಿಎ1ಸಿ, ಅಂದರೆ ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಅಳತೆ, 6.1 ಬಂತು. ಮಧುಮೇಹದ ಹೊಸ್ತಿಲು. ಅಪ್ಪ ಸಕ್ಕರೆ ಕಾಯಿಲೆಯಿಂದ ಕಾಲಿನ ಬೆರಳು ಕಳೆದುಕೊಂಡದ್ದನ್ನು ನೋಡಿದವನು ನಾನು. ಆ ವಾರವೇ ಬೇಯಿಸಿದ್ದನ್ನೆಲ್ಲ ಬಿಟ್ಟೆ. ಬೆಳಿಗ್ಗೆ ಮೂರು ಕದಳಿ ಬಾಳೆಹಣ್ಣು, ನಾಲ್ಕು ಖರ್ಜೂರ, ನೆನೆಸಿದ ಗೋಡಂಬಿ, ಅರ್ಧ ಕಡಿ ತೆಂಗಿನಕಾಯಿಯ ತುರಿ, ಎಲ್ಲವನ್ನೂ ಮಿಕ್ಸಿಗೆ ಹಾಕಿ ಎರಡು ಲೋಟ ಕುಡಿಯುತ್ತಿದ್ದೆ. ಮಧ್ಯಾಹ್ನ ಮೊಳಕೆ ಬರಿಸಿದ ಹೆಸರುಕಾಳು, ಮುಳ್ಳುಸೌತೆ, ಕ್ಯಾರೆಟ್, ತೆಂಗಿನತುರಿ, ಹಸಿಮೆಣಸು, ಮೇಲೊಂದು ಇಡೀ ಲಿಂಬೆ ಹಿಂಡಿದ ಕೋಸಂಬರಿ. ರಾತ್ರಿ ಒಂಬತ್ತಕ್ಕೆ ಅನಾನಸು, ಪಪ್ಪಾಯಿ, ಒಂದು ಮುಷ್ಟಿ ನೆಲಕಡಲೆ. ಹತ್ತಕ್ಕೆ ನಿದ್ದೆ. ನಾಲ್ಕು ತಿಂಗಳಲ್ಲಿ ಏಳು ಕೆ.ಜಿ. ಇಳಿದೆ. ಮೈ ಹಗುರವಾಯಿತು, ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು ನಿಂತಿತು. ಹಾಗಾಗಿಯೇ ಆ ಆಹಾರದ ಮೇಲೆ ನನಗೆ ಅಷ್ಟು ಭರವಸೆ ಹುಟ್ಟಿತು. ಅದರಲ್ಲಿ ಏನೋ ತಪ್ಪಿದೆ ಎಂದು ಒಪ್ಪಿಕೊಳ್ಳುವುದು ಕಷ್ಟವಾದದ್ದೂ ಆ ಭರವಸೆಯಿಂದಲೇ.

ಕಫ ಎಂದೆನಲ್ಲ, ಅದು ನೆಗಡಿಯ ಕಫವಲ್ಲ. ಮೂಗು ಕಟ್ಟಿರಲಿಲ್ಲ, ಜ್ವರವಿರಲಿಲ್ಲ, ಎದೆಯಲ್ಲಿ ಗೊರಗೊರ ಇರಲಿಲ್ಲ. ದಾಸವಾಳದ ಎಲೆ ಕಿವುಚಿದಾಗ ಬರುವ ಗೊಂಪಿನ ಹಾಗೆ ತೆಳ್ಳಗೆ, ಬಣ್ಣವಿಲ್ಲದೆ, ಧ್ವನಿಪೆಟ್ಟಿಗೆಯ ಮೇಲೆಯೇ ಬಂದು ಹರಡಿಕೊಳ್ಳುತ್ತಿತ್ತು. ಕ್ಯಾಕರಿಸಿದರೆ ಒಂದು ನಿಮಿಷ ಸರಿಯಾಗಿ ಮತ್ತೆ ಕಟ್ಟುತ್ತಿತ್ತು. ಬೆಳಿಗ್ಗೆ ಎದ್ದಾಗ ಸ್ವರ ಒಡೆದಿರುತ್ತಿತ್ತು.

ಹಸಿ ಆಹಾರದ ಹಾದಿ ತೋರಿಸಿದ ಹಿರಿಯರೊಬ್ಬರು, “ಇದು ಒಳ್ಳೆಯ ಲಕ್ಷಣ. ಇಷ್ಟು ವರ್ಷ ಸೇರಿದ ವಿಷವೆಲ್ಲ ಕಫವಾಗಿ ಹೊರಗೆ ಬರುತ್ತಿದೆ. ತಡೆಯಬೇಡಿ” ಎಂದರು. ಅಮ್ಮ, “ಬಾಳೆಹಣ್ಣು ಶೀತ, ಮೊದಲು ಅದನ್ನು ನಿಲ್ಲಿಸು” ಎಂದರು. ಶಾಲೆಯಲ್ಲಿ ಸಹೋದ್ಯೋಗಿಗಳು ಹಾಲನ್ನು ದೂರಿದರು. ಆದರೆ ಹಾಲು ಬಿಟ್ಟು ನನಗೆ ಆಗಲೇ ಮೂರು ತಿಂಗಳಾಗಿತ್ತು. ಹಾಲು ಕುಡಿದಾಗ ಗಂಟಲಲ್ಲಿ ಏನೋ ಅಂಟಿದಂತಾಗುವುದು ಹಾಲು ಜೊಲ್ಲಿನೊಡನೆ ಬೆರೆತು ದಪ್ಪವಾಗುವುದರಿಂದ ಎಂದೂ, ಹಾಲಿನಿಂದ ಕಫದ ಉತ್ಪತ್ತಿ ಹೆಚ್ಚುವುದಿಲ್ಲ ಎಂದೂ ಆಮೇಲೆ ತಿಳಿದುಕೊಂಡೆ.

ವಿಷ ಹೊರಹೋಗುವ ಮಾತನ್ನು ನಾಲ್ಕು ತಿಂಗಳು ನಂಬಿದೆ. ಆ ನಂಬಿಕೆಯನ್ನು ಒಡೆದದ್ದು ಏಕಾದಶಿ. ಮನೆಯ ಕ್ರಮದಂತೆ ಅಂದು ನಾನು ನೀರು ಬಿಟ್ಟು ಬೇರೇನೂ ತೆಗೆದುಕೊಳ್ಳುವುದಿಲ್ಲ. ಒಂದು ಏಕಾದಶಿಯ ಸಂಜೆ ಮಕ್ಕಳಿಗೆ ಪದ್ಯ ಓದಿಸುತ್ತಿದ್ದಾಗ ನನ್ನ ಸ್ವರ ನನಗೇ ಹೊಸದಾಗಿ ಕೇಳಿಸಿತು. ಇಡೀ ದಿನ ಒಂದು ಸಲವೂ ಗಂಟಲು ಸರಿಮಾಡಿಕೊಂಡಿರಲಿಲ್ಲ. ಮುಂದಿನ ಏಕಾದಶಿಗೂ ಹಾಗೆಯೇ. ಮೈಯೊಳಗಿನ ವಿಷ ಹೊರಗೆ ಬರುವುದಾದರೆ ಉಪವಾಸದ ದಿನವೇ ಹೆಚ್ಚು ಬರಬೇಕಿತ್ತಲ್ಲವೇ? ಅದು ಬರುತ್ತಿದ್ದುದು ತಿಂದ ಮೇಲೆ, ಗಡಿಯಾರ ನೋಡಿಕೊಂಡ ಹಾಗೆ. ಅಂದರೆ ಕಾರಣ ತಟ್ಟೆಯಲ್ಲಿತ್ತು.

ಆದರೂ ವೈದ್ಯರ ಬಳಿಗೆ ಹೋಗಲು ಇನ್ನೊಂದು ಪೆಟ್ಟು ಬೇಕಾಯಿತು. ಆಟಿ ತಿಂಗಳ ಒಂದು ರಾತ್ರಿ, ಹೊರಗೆ ಧಾರಾಕಾರ ಮಳೆ, ದೇವಸ್ಥಾನದ ಸಭಾಂಗಣದಲ್ಲಿ ತಾಳಮದ್ದಳೆ. ನನ್ನದು ಕರ್ಣ. ಕುಂತಿ ಬಂದು ನೀನು ನನ್ನ ಮಗ ಎಂದು ಹೇಳಿದ ಮೇಲೆ ಕರ್ಣ ಕೂಡಲೇ ಮಾತನಾಡಬಾರದು, ಆಡುವ ಮೊದಲ ಮಾತು ಪಿಸುಮಾತಿಗಿಂತ ಸ್ವಲ್ಪವೇ ಮೇಲಿರಬೇಕು. ಆ ಮಾತಿಗೆ ಬಾಯಿ ತೆರೆದೆ, ಸ್ವರ ಬರಲಿಲ್ಲ. ಕೆಮ್ಮಿದೆ. ಮತ್ತೆ ಕಟ್ಟಿತು. ಮತ್ತೆ ಕೆಮ್ಮಿದೆ. ಪದ ಹಾಡುವ ಭಾಗವತರು ಜಾಗಟೆಯ ಕೋಲನ್ನು ಹಿಡಿದವರು ಹಾಗೆಯೇ ನನ್ನನ್ನು ನೋಡಿದರು. ಮದ್ದಳೆಯ ಮೇಲಿದ್ದ ಕೈ ಕಾಯುತ್ತಿತ್ತು. ಎದುರು ಕುಳಿತ ಅಜ್ಜಿಯೊಬ್ಬರು ಕಣ್ಣೊರೆಸಲು ಎತ್ತಿದ ಸೆರಗನ್ನು ಕೆಳಗಿಳಿಸಿದರು. ಆ ಸೆರಗು ಕೆಳಗಿಳಿದದ್ದನ್ನು ನಾನು ಇವತ್ತಿಗೂ ಮರೆತಿಲ್ಲ.

ಮಾರನೆಯ ವಾರ ಕಿವಿ ಮೂಗು ಗಂಟಲು ತಜ್ಞರು ಕ್ಯಾಮೆರಾ ಇರುವ ತೆಳ್ಳಗಿನ ಕೊಳವೆಯನ್ನು ಮೂಗಿನ ಮೂಲಕ ಇಳಿಸಿ ನನ್ನ ಧ್ವನಿಪೆಟ್ಟಿಗೆಯನ್ನು ಪರದೆಯ ಮೇಲೆ ನನಗೇ ತೋರಿಸಿದರು. ಸ್ವರತಂತುಗಳು ಬೆಳ್ಳಗಿದ್ದವು. ಅವುಗಳ ಹಿಂಭಾಗ ಮಾತ್ರ ಕೆಂಪಾಗಿ ಊದಿಕೊಂಡಿತ್ತು. ಜಠರದ ಆಮ್ಲವೂ ಅದರೊಡನೆ ಪೆಪ್ಸಿನ್ ಎಂಬ ಕಿಣ್ವವೂ ಅನ್ನನಾಳವನ್ನು ದಾಟಿ ಗಂಟಲಿನವರೆಗೆ ಬರುತ್ತಿವೆ ಎಂದರು. “ನನಗೆ ಎದೆಯುರಿಯೇ ಇಲ್ಲವಲ್ಲ ಡಾಕ್ಟ್ರೇ” ಎಂದೆ. ಇಂಥವರಲ್ಲಿ ಬಹಳ ಮಂದಿಗೆ ಎದೆಯುರಿ ಇರುವುದಿಲ್ಲವಂತೆ. ಅನ್ನನಾಳ ತಡೆದುಕೊಳ್ಳುವಷ್ಟು ಆಮ್ಲವನ್ನು ಧ್ವನಿಪೆಟ್ಟಿಗೆಯ ನಯವಾದ ಒಳಪೊರೆ ತಡೆದುಕೊಳ್ಳುವುದಿಲ್ಲ. ಸ್ವಲ್ಪ ತಾಗಿದರೂ ಅದು ತನ್ನನ್ನು ಮುಚ್ಚಿಕೊಳ್ಳಲು ಲೋಳೆ ಸುರಿಸುತ್ತದೆ. ಮೇಲೆ ಬಂದ ಪೆಪ್ಸಿನ್ ಅಲ್ಲಿಯೇ ಅಂಟಿಕೊಂಡು ಉಳಿಯಬಹುದು, ಮತ್ತೆ ಹುಳಿ ತಾಗಿದಾಗ ಚುರುಕಾಗಬಹುದು. ಹುಳಿ ಕೆಳಗಿನಿಂದಲೇ ಬರಬೇಕೆಂದಿಲ್ಲ, ಬಾಯಿಯಿಂದ ಇಳಿಯುವ ಲಿಂಬೆಯಾದರೂ ಸಾಕು. ನಾನು ದ್ವೇಷಿಸುತ್ತಿದ್ದ ಆ ಕಫ ನನ್ನ ಸ್ವರವನ್ನು ಕಾಯಲು ಬಂದದ್ದು ಎಂದು ತಿಳಿದಾಗ ಮನಸ್ಸು ಬಹಳ ಮೆತ್ತಗಾಯಿತು.

ಅವರು ಆರು ವಾರಕ್ಕೆ ಮಾತ್ರೆ ಬರೆದುಕೊಟ್ಟರು, ತೆಗೆದುಕೊಂಡೆ. ಆದರೆ ಯಾವ ಆಹಾರ, ಎಷ್ಟು, ಯಾವಾಗ ಎಂಬುದನ್ನು ನಾನೇ ಹುಡುಕಬೇಕಿತ್ತು. ಅದಕ್ಕೆ ದಾರಿ ಮನೆಯಲ್ಲಿಯೇ ಇತ್ತು. ನಮ್ಮಲ್ಲಿ ಚಾತುರ್ಮಾಸ್ಯ ಹಿಡಿಯುವವರು ಒಂದೊಂದು ತಿಂಗಳು ಒಂದೊಂದನ್ನು ಬಿಡುತ್ತಾರೆ: ಶಾಕವ್ರತದಲ್ಲಿ ತರಕಾರಿ, ದಧಿವ್ರತದಲ್ಲಿ ಮೊಸರು, ಕ್ಷೀರವ್ರತದಲ್ಲಿ ಹಾಲು, ದ್ವಿದಳವ್ರತದಲ್ಲಿ ಬೇಳೆಕಾಳು. ಅಮ್ಮ ನಲವತ್ತು ವರ್ಷದಿಂದ ಹಿಡಿದ ವ್ರತ ಅದು. ಅದರ ಉದ್ದೇಶ ಬೇರೆ, ಆದರೆ ಕ್ರಮ ನನಗೆ ಬೇಕಾದದ್ದೇ. ಒಮ್ಮೆಗೆ ಒಂದನ್ನೇ ಬಿಡಬೇಕು, ಉಳಿದದ್ದನ್ನು ಮುಟ್ಟಬಾರದು. ನಾನು ತಿಂಗಳ ಬದಲು ವಾರ ಎಂದು ಇಟ್ಟುಕೊಂಡೆ. ಇನ್ನೂರು ಪುಟದ ನೋಟುಪುಸ್ತಕದಲ್ಲಿ ನಾಲ್ಕು ಕಲಂ ಗೀಟೆಳೆದೆ: ತಿಂದದ್ದು, ಹೊತ್ತು, ಅಳತೆ, ಮುಂದಿನ ಒಂದು ಗಂಟೆಯಲ್ಲಿ ಎಷ್ಟು ಸಲ ಗಂಟಲು ಸರಿಮಾಡಿಕೊಂಡೆ. ಎಣಿಸುವ ಕೆಲಸ ಹೆಂಡತಿಯದು. “ನಿಮಗೆ ಗೊತ್ತಾಗದೆಯೇ ನೀವು ಅದನ್ನು ಮಾಡುತ್ತೀರಿ” ಎಂದಳು. ಮೊದಲ ದಿನ ಬೆಳಗಿನ ತಿಂಡಿಯ ನಂತರದ ಲೆಕ್ಕ 31.

ಮೊದಲ ವಾರ ಅಮ್ಮನ ಮಾತಿನಂತೆ ಬಾಳೆಹಣ್ಣು ಬಿಟ್ಟು ಆ ಜಾಗಕ್ಕೆ ಪಪ್ಪಾಯಿ ಹಾಕಿದೆ. ವ್ಯತ್ಯಾಸವಾಗಲಿಲ್ಲ. ಎರಡನೆಯ ವಾರ ಬಾಳೆಹಣ್ಣು ಬಂತು, ಗೋಡಂಬಿ ಮತ್ತು ತೆಂಗಿನತುರಿ ಹೋದವು. ಲೆಕ್ಕ 12ಕ್ಕೆ ಇಳಿಯಿತು. ತೆಂಗಿನಕಾಯಿಯ ಮೂರನೆಯ ಒಂದು ಪಾಲು ಕೊಬ್ಬೇ, ಗೋಡಂಬಿಯಲ್ಲಿ ಅದಕ್ಕಿಂತ ಹೆಚ್ಚು. ಕೊಬ್ಬು ಹೆಚ್ಚಾದಷ್ಟೂ ಜಠರ ಖಾಲಿಯಾಗುವುದು ನಿಧಾನ, ಅನ್ನನಾಳದ ಕೆಳಬಾಯಿಯ ಬಿಗಿಯೂ ಸಡಿಲ. ಅರ್ಧ ಕಡಿ ತೆಂಗಿನಕಾಯಿಯನ್ನು ಕಚ್ಚಿ ಅಗಿದು ತಿನ್ನಲು ಯಾರಿಗೂ ಆಗದು, ದವಡೆ ಸೋಲುತ್ತದೆ. ಮಿಕ್ಸಿಗೆ ಹಾಕಿದರೆ ಎರಡು ನಿಮಿಷದಲ್ಲಿ ಹೊಟ್ಟೆಗೆ ಇಳಿಯುತ್ತದೆ.

ಹಾಗಾಗಿ ಮೂರನೆಯ ವಾರ ಬಿಟ್ಟದ್ದು ಮಿಕ್ಸಿ. ಅದೇ ಮೂರು ಬಾಳೆಹಣ್ಣು, ಅದೇ ಖರ್ಜೂರ, ಎರಡು ಚಮಚ ತುರಿ, ಆದರೆ ತಟ್ಟೆಯಲ್ಲಿ. ಮೂರನೆಯ ಹಣ್ಣನ್ನು ತಿನ್ನಲಾಗಲಿಲ್ಲ, ಹೊಟ್ಟೆ ತುಂಬಿತ್ತು. ಅಗಿಯುವಾಗ ಬರುವ ಜೊಲ್ಲು ಆಮ್ಲವನ್ನು ಸ್ವಲ್ಪ ಮಟ್ಟಿಗೆ ತಗ್ಗಿಸುತ್ತದೆ. ಗಟಗಟನೆ ಕುಡಿದರೆ ಅದಕ್ಕೆ ಸಮಯವೇ ಇಲ್ಲ. ಆ ವಾರದ ಕೊನೆಗೆ ಲೆಕ್ಕ 7.

ಹಸಿ ತರಕಾರಿಯ ದೊಡ್ಡ ತೊಡಕು ಗಾತ್ರ ಎಂದು ಆಮೇಲೆ ಅರ್ಥವಾಯಿತು. ಕುಚ್ಚಲಕ್ಕಿ ಗಂಜಿಯ ಒಂದು ಬಟ್ಟಲಿನಿಂದ ಸಿಗುವ ಶಕ್ತಿಗೆ ಮುಳ್ಳುಸೌತೆ, ಕ್ಯಾರೆಟ್ ಎಷ್ಟು ಬೇಕಾದೀತು! ನಾನು ಮಧ್ಯಾಹ್ನ ಒಂದು ಪಾತ್ರೆ ಕೋಸಂಬರಿ ಖಾಲಿಮಾಡಿ, ಸ್ಟಾಫ್ ರೂಮಿನ ಮೇಜಿಗೆ ಬಗ್ಗಿ ಉತ್ತರಪತ್ರಿಕೆ ತಿದ್ದುತ್ತಿದ್ದೆ. ತುಂಬಿದ ಕೊಡವನ್ನು ಓರೆ ಮಾಡಿದ ಹಾಗೆ. ತಾಳಮದ್ದಳೆಯಲ್ಲೂ ಅದೇ, ಸಂಘಟಕರ ಮನೆಯಲ್ಲಿ ಉಂಡು ಹತ್ತೇ ನಿಮಿಷಕ್ಕೆ ಚಕ್ಕಳಮಕ್ಕಳ ಹಾಕಿ ಮುಂದಕ್ಕೆ ಬಾಗಿ ಕೂರುವುದು. ಈಗ ಮಧ್ಯಾಹ್ನ ಒಂದೇ ಬಟ್ಟಲು, ನಾಲ್ಕೂವರೆಗೆ ಇನ್ನೊಂದು. ಉಂಡ ಮೇಲೆ ಶಾಲೆಯ ಅಂಗಳಕ್ಕೆ ಎರಡು ಸುತ್ತು. ನೀರು ಊಟದ ಜೊತೆಗೆ ಗುಟುಕಷ್ಟೇ.

ಹುಳಿಯ ವಾರ ನನಗೆ ಅತ್ಯಂತ ಕಷ್ಟದ್ದು, ಲಿಂಬೆಯಿಲ್ಲದ ಕೋಸಂಬರಿ ಬಾಯಿಗೆ ರುಚಿಸುವುದಿಲ್ಲ. ಆದರೆ ಲಿಂಬೆ, ಅನಾನಸು, ಪುನರ್ಪುಳಿ ಶರಬತ್ತು ಮೂರನ್ನೂ ಬಿಟ್ಟ ಮೇಲೆಯೇ ನುಂಗುವಾಗಿನ ಉರಿ ಹೋಯಿತು. ಅನಾನಸಿನಲ್ಲಿ ಹುಳಿಯ ಜೊತೆಗೆ ಬ್ರೊಮೆಲಿನ್ ಎಂಬ ಕಿಣ್ವವೂ ಇದೆ, ಹಸಿಯಾಗಿ ಹೆಚ್ಚು ತಿಂದರೆ ನಾಲಿಗೆ ಚುರುಚುರು ಎನ್ನುವುದರಲ್ಲಿ ಅದರ ಪಾಲೂ ಇದೆ. ಬೇಯಿಸಿದರೆ ಅದು ನಾಶವಾಗುತ್ತದೆ. ಅಮ್ಮ ಮಾಡುವ ಅನಾನಸು ಮೆಣಸ್ಕಾಯಿ ಎಷ್ಟು ಬಡಿಸಿಕೊಂಡರೂ ನಾಲಿಗೆ ಸುಡದು. ಪತ್ರೊಡೆಗೆ ಹುಣಸೆಹುಳಿ ಸೇರಿಸಿ ಕೆಸುವಿನ ಎಲೆಯನ್ನು ಚೆನ್ನಾಗಿ ಬೇಯಿಸುವುದೂ ಎಲೆಯೊಳಗಿನ ಸೂಜಿಯಂಥ ಹರಳುಗಳ ತುರಿಕೆ ಗಂಟಲಿಗೆ ತಾಗಬಾರದೆಂದೇ. ಹಸಿಯಾದದ್ದೆಲ್ಲ ಸೌಮ್ಯ ಎಂಬ ನನ್ನ ತಿಳಿವಳಿಕೆ ತಪ್ಪಾಗಿತ್ತು. ನಮ್ಮ ಅಡುಗೆಮನೆಗೆ ಇದು ಮೊದಲೇ ಗೊತ್ತಿತ್ತು.

ರಾತ್ರಿಯದ್ದು ಬೇಗ ಹೇಳಿ ಮುಗಿಸುತ್ತೇನೆ. ಊಟ ಆರೂವರೆಗೆ, ಮಲಗುವುದು ಹತ್ತಕ್ಕೆ. ಊರಿನ ಬಡಗಿಯವರು ಹೆಬ್ಬಲಸಿನ ತುಂಡಿನಲ್ಲಿ ಆರು ಇಂಚಿನ ಎರಡು ಕಟ್ಟೆ ಮಾಡಿಕೊಟ್ಟರು, ಮಂಚದ ತಲೆಯ ಕಡೆಯ ಕಾಲುಗಳನ್ನು ಅದರ ಮೇಲೆ ನಿಲ್ಲಿಸಿದೆ. ದಿಂಬು ಏರಿಸಿದರೆ ಕುತ್ತಿಗೆ ಮಾತ್ರ ಬಾಗುತ್ತದೆ, ಪ್ರಯೋಜನವಿಲ್ಲ. ಎಡಮಗ್ಗುಲಿಗೆ ಮಲಗುವ ಅಭ್ಯಾಸ ಮಾಡಿಕೊಂಡೆ. ಬೆಳಗಿನ ಒಡೆದ ಸ್ವರ ಸರಿಯಾದದ್ದು ಇದರಿಂದ.

ಕೊನೆಯದಾಗಿ ಬಿಟ್ಟದ್ದು ತಿನ್ನುವ ವಸ್ತುವಲ್ಲ, ಕ್ಯಾಕರಿಸುವ ಚಟ. ಪ್ರತಿ ಸಲ ಗಂಟಲು ಸರಿಮಾಡಿಕೊಂಡಾಗ ಸ್ವರತಂತುಗಳು ಒಂದಕ್ಕೊಂದು ಬಡಿಯುತ್ತವೆ, ಬಡಿದಲ್ಲಿ ಕೆರಳಿಕೆ, ಕೆರಳಿದಲ್ಲಿ ಮತ್ತೆ ಲೋಳೆ. ಕ್ಯಾಕರಿಸಬೇಕು ಅನ್ನಿಸಿದಾಗ ಒಂದು ಗುಟುಕು ಉಗುರುಬೆಚ್ಚಗಿನ ನೀರು ನುಂಗಿದೆ, ನೀರಿಲ್ಲದಿದ್ದರೆ ಬಾಯಿ ಮುಚ್ಚಿ ಉಗುಳು ನುಂಗಿದೆ. ಮೊದಲ ಹತ್ತು ದಿನ ಹಿಂಸೆಯಾಗಿತ್ತು. ಊಟದಲ್ಲಿ ಮಾಡಿದ ಬದಲಾವಣೆಗಳ ಜೊತೆಗೆ ಇದರಿಂದಲೂ ಒಳ್ಳೆಯ ಫಲ ಸಿಕ್ಕಿತು ಎಂದು ನನಗೆ ಅನ್ನಿಸುತ್ತದೆ. ಎರಡು ತಿಂಗಳು ತುಂಬುವಾಗ ಲೆಕ್ಕ ಒಂದು ಅಥವಾ ಎರಡು.

ಎಲ್ಲರ ಕಾರಣವೂ ಇದೇ ಆಗಿರಬೇಕಿಲ್ಲ. ನನ್ನ ನಾದಿನಿ ನರ್ಸ್. ಬಾಳೆಹಣ್ಣು ತಿಂದರೆ ಅವಳಿಗೆ ಐದೇ ನಿಮಿಷದಲ್ಲಿ ತುಟಿ, ಗಂಟಲು ತುರಿಸುತ್ತದೆ. ರಬ್ಬರ್ ಕೈಗವಸಿನ ಅಲರ್ಜಿ ಇರುವವರಲ್ಲಿ ಕೆಲವರಿಗೆ ಬಾಳೆ, ಬೆಣ್ಣೆಹಣ್ಣು, ಕಿವಿಹಣ್ಣು, ಪಪ್ಪಾಯಿಯೂ ಆಗಿಬರುವುದಿಲ್ಲ. ಅವಳಿಗೆ ನೋಟುಪುಸ್ತಕ ಬೇಡ, ಆ ಹಣ್ಣು ಬಿಡಬೇಕು. ತುಟಿ, ನಾಲಿಗೆ ಊದಿದರೆ, ಉಸಿರು ಕಟ್ಟಿದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ನುಂಗಲು ಕಷ್ಟ, ಕಫದಲ್ಲಿ ರಕ್ತ, ಮೂರು ವಾರ ದಾಟಿದ ಗೊಗ್ಗರು ಸ್ವರ, ಇವುಗಳನ್ನು ಯಾರೂ ಆಹಾರ ಬದಲಿಸಿ ನೋಡೋಣ ಎಂದು ಮುಂದೂಡಬಾರದು. ನಾನು ನಾಲ್ಕು ತಿಂಗಳು ಕಾದದ್ದು ತಪ್ಪು.

ಈಗ ನನ್ನ ತಟ್ಟೆಯಲ್ಲಿ ಅರ್ಧ ಹಸಿ, ಅರ್ಧ ಬೆಂದದ್ದು. ಮಧ್ಯಾಹ್ನದ ಕೋಸಂಬರಿಯ ಜೊತೆಗೆ ಸಣ್ಣ ಬಟ್ಟಲು ಕುಚ್ಚಲಕ್ಕಿ ಗಂಜಿ ಮರಳಿದೆ. ಎಚ್‌ಬಿಎ1ಸಿ ಕಳೆದ ಸಲ 5.7. ಕಾರ್ಯಕ್ರಮದ ದಿನ ಸಂಜೆ ಐದಕ್ಕೆ ಮನೆಯಲ್ಲಿಯೇ ಎರಡು ಬಾಳೆಹಣ್ಣು, ಸ್ವಲ್ಪ ಮೊಳಕೆಕಾಳು ತಿಂದು ಹೊರಡುತ್ತೇನೆ. ಸಂಘಟಕರು ಎಲೆ ಹಾಕಿ ಕರೆದಾಗ, “ಪ್ರಸಂಗ ಮುಗಿದ ಮೇಲೆ ಒಂದು ಲೋಟ ಬೊಂಡದ ನೀರು ಕೊಡಿ, ಸಾಕು” ಎನ್ನುತ್ತೇನೆ. ಬೊಂಡ ಎಂದರೆ ನಮ್ಮ ಕಡೆ ಎಳನೀರಿನ ಕಾಯಿ. ಮೊದಮೊದಲು ಅವರಿಗೆ ಬೇಸರವಾಗುತ್ತಿತ್ತು. ಈಗ ನಾನು ಕೇಳುವ ಮೊದಲೇ ಒಂದು ಬೊಂಡ ತೆಗೆದಿಟ್ಟಿರುತ್ತಾರೆ.