ಕೆಲಸ ಹುಡುಕುವ ಮೊದಲು ನಾನು ಬರೆದ ಹಾಳೆ

ಮಗ ಶಾಲೆಗೆ ಹೋಗಲು ಶುರು ಮಾಡಿದ ಮೇಲೆ ಮತ್ತೆ ಕೆಲಸಕ್ಕೆ ಸೇರುವ ವಿಚಾರ ಬಂತು. ಓದಿದ್ದು ಎಂ.ಕಾಂ. ಮುಂದೆ ಇದ್ದ ದಾರಿ ಮೂರು: ಬೆಂಗಳೂರಿನ ಕಂಪನಿ, ಧಾರವಾಡದಲ್ಲೇ ಬಿ.ಇಡಿ., ಇಲ್ಲವೇ ಹುಬ್ಬಳ್ಳಿಯಲ್ಲಿ ಆಡಿಟರ್ ಆಫೀಸು. ಎಲ್ಲರೂ ಕೇಳಿದ್ದು ಪಗಾರ ಎಷ್ಟು ಅಂತ. ನಾನು ಮಾತ್ರ ಮೊದಲು ನನ್ನ ಪಾತ್ರಗಳನ್ನು ಬರೆದುಕೊಂಡೆ: ತಾಯಿ, ಸೊಸೆ, ಹೆಂಡತಿ, ರೈತನ ಮಗಳು.

ಅಮೆರಿಕದ ಮನಶ್ಶಾಸ್ತ್ರಜ್ಞ ಡೊನಾಲ್ಡ್ ಸೂಪರ್ 1980ರಲ್ಲಿ ಬದುಕನ್ನು ಕಾಮನಬಿಲ್ಲಿನಂತೆ ಚಿತ್ರಿಸಿದ್ದರು. ಮಗು, ವಿದ್ಯಾರ್ಥಿ, ನಾಗರಿಕ, ದುಡಿಯುವವರು, ಮನೆ ನಡೆಸುವವರು ಹೀಗೆ ಒಂದೊಂದು ಪಾತ್ರಕ್ಕೆ ಒಂದೊಂದು ಪಟ್ಟೆ. ವಯಸ್ಸಿನ ಜೊತೆ ಯಾವುದೋ ದಪ್ಪಗಾಗುತ್ತದೆ, ಯಾವುದೋ ತೆಳ್ಳಗಾಗುತ್ತದೆ.

ನಾನು ವಯಸ್ಸಿನ ಜಾಗದಲ್ಲಿ ತಿಂಗಳು ಹಾಕಿದೆ. ನಮ್ಮ ಕಡೆ ವರ್ಷ ಓಡುವುದೇ ಹೊಲದ ಪ್ರಕಾರ, ಅಲ್ವಾ? ಅಪ್ಪನ ಎರಿ (ಕಪ್ಪು ಮಣ್ಣಿನ) ಹೊಲ ಇರುವುದು ಅಣ್ಣಿಗೇರಿಯಲ್ಲಿ. ಹಿಂಗಾರಿ ಕಡಲೆ ರಾಶಿ ಜನವರಿ, ಫೆಬ್ರವರಿಗೆ ಬರುತ್ತದೆ. ಅಪ್ಪನಿಗೆ ವಯಸ್ಸಾಗಿದೆ, ಆಗ ನಾನು ಅಲ್ಲಿರಬೇಕು. ಅದರ ಕೆಳಗೇ ಆಡಿಟರ್ ಆಫೀಸಿನ ವರ್ಷ ಬರೆದೆ. ಪ್ರತಿ ತಿಂಗಳು 11ಕ್ಕೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1, 20ಕ್ಕೆ ತೆರಿಗೆಯ ಲೆಕ್ಕ ಕೊಟ್ಟು ಕಟ್ಟುವ 3ಬಿ, ಎರಡೂ ಜಿಎಸ್‌ಟಿ ರಿಟರ್ನ್‌ಗಳು. ಜುಲೈನಿಂದ ಸೆಪ್ಟೆಂಬರ್ ತನಕ ಆದಾಯ ತೆರಿಗೆಯ ಗಡಿಬಿಡಿ. ಅದೇ ಹೊತ್ತಿಗೆ ಮುಂಗಾರಿ ಹೆಸರುಕಾಳಿನ ರಾಶಿಯೂ ಬರುತ್ತದೆ. ಅದಕ್ಕೆ ಅಪ್ಪ ಹೇಗೂ ಮಷಿನ್ ಕರೆಸುತ್ತಾರೆ. ಕಡಲೆಗೆ ಮಾತ್ರ 20ನೇ ತಾರೀಖಿನ ನಂತರ ಬಿಡುವು ಸಿಗಬಹುದು ಅಂತ ಹಾಳೆ ನೋಡಿದಾಗಲೇ ಗೊತ್ತಾಯಿತು.

ಬೆಂಗಳೂರಲ್ಲಿ ಪಗಾರ ಜಾಸ್ತಿ, ನಿಜ. ಆದರೆ ತಾಯಿ, ಮಗಳು ಎರಡೂ ಪಾತ್ರ ಫೋನಿನಲ್ಲೇ ಮುಗಿಯುತ್ತಿದ್ದವು. ಬಿ.ಇಡಿ.ಗೆ ಎರಡು ವರ್ಷ ಬೇಕು, ಹಾಜರಾತಿ ತಪ್ಪಿಸುವಂತಿಲ್ಲ. ಅದನ್ನು ಬಿಟ್ಟಿಲ್ಲ, ಮಗ ಹೈಸ್ಕೂಲಿಗೆ ಹೋಗುವ ವರ್ಷದ ಸಾಲಿಗೆ ಸರಿಸಿದ್ದೇನೆ.

ಹಾಳೆಯನ್ನು ಮನೆಯವರ ಮುಂದೆ ಇಟ್ಟೆ. ಇದು ತುಂಬಾ ಮುಖ್ಯ. ನಮ್ಮ ಪಾತ್ರದ ಇನ್ನೊಂದು ತುದಿಯಲ್ಲಿ ಇರುವವರು ಅವರೇ ತಾನೆ? ಅತ್ತಿ ನೇರವಾಗಿ ಹೇಳಿದರು, "ಸಂಜೀಕ ಹುಡುಗನ್ನ ನಾ ನೋಡ್ಕೋತೀನಿ. ಮುಂಜಾನೆ ನನ್ನ ಕಡಿಂದ ಆಗಂಗಿಲ್ಲವಾ." ಮುಂಜಾನೆಯ ಡಬ್ಬಿ, ಶಾಲೆಯ ತಯಾರಿ ಯಜಮಾನರ ಪಾಲಿಗೆ ಬಂತು. ಅವರೂ ತಂದೆಯ ಪಾತ್ರದಲ್ಲಿ ಇರುವವರೇ.

ಆಡಿಟರ್ ಹತ್ತಿರ ಪಗಾರಕ್ಕಿಂತ ಮೊದಲು ಕಡಲೆ ರಾಶಿಯ ರಜೆ ಮಾತಾಡಿದೆ. 3ಬಿ ಮುಗಿಸಿ ಹೋಗುವುದಾದರೆ ಒಂದು ವಾರ ಕೊಡುತ್ತೇನೆ ಅಂದರು. ಈಗ ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಧಾರವಾಡದಿಂದ ಆ ಆಫೀಸಿಗೆ ಹೋಗಿ ಬರುತ್ತಿದ್ದೇನೆ.